ಪ್ರಜೆ ಪ್ರಭುವಾದ ದಿನ

ಅಗಸ್ಟ ಹದಿನೈದರ ದಿನ ಬಾಲಗಾಂವದಂಥ ಗಡಿನಾಡಿನ ಹಳ್ಳಿಗಳಲ್ಲಿ ಬೆಳಗು ಬೇಗನೆ ಆಗುತ್ತದೆ. ಬಿಸಿಲೇರುವ ಮೊದಲೇ ಮಕ್ಕಳು ಒಗೆದ ಅರಿವೆಗಳನ್ನು ತೊಟ್ಟು ಶಾಲೆಯ ಅಂಗಳದಲ್ಲಿ ನೆರೆಯುತ್ತಾರೆ. ಪ್ರಭಾತಫೇರಿಯು ಓಣಿ ಓಣಿಗಳನ್ನು ಸುತ್ತಿ ಬರುತ್ತದೆ. ಧ್ವಜವು ಮೇಲೇರುತ್ತದೆ, ರಾಷ್ಟ್ರಗೀತವಾಗುತ್ತದೆ, ಹಿರಿಯರ ಭಾಷಣಗಳಾಗುತ್ತವೆ, ಕೊನೆಗೆ ಮಕ್ಕಳ ಅಂಗೈಯಲ್ಲಿ ಸಿಹಿ ಬೀಳುತ್ತದೆ. ಭಾಷಣಗಳಲ್ಲಿ ನೂರೈವತ್ತು ವರ್ಷಗಳ ದಾಸ್ಯ, ಗಾಂಧೀಜಿಯವರ ಸತ್ಯಾಗ್ರಹ, ಸಾವಿರದ ಒಂಬೈನೂರ ನಾಲ್ವತ್ತೇಳರ ನಡುರಾತ್ರಿ ಇವೆಲ್ಲ ಬಂದು ಹೋಗುತ್ತವೆ. ಕೇಳಿ ಕೇಳಿ ಮಕ್ಕಳಿಗೆ ಬಾಯಿಪಾಠವಾಗಿವೆ.

ಆದರೆ ಸಾಲಿನಲ್ಲಿ ನಿಂತ ಯಾವನಾದರೊಬ್ಬ ಜಾಣ ವಿದ್ಯಾರ್ಥಿಯು, "ಗುರುಗಳೇ, ನಮ್ಮ ಜತ್ತ ಸೀಮೆಗೆ ಸ್ವಾತಂತ್ರ್ಯ ಬಂದದ್ದೂ ಇದೇ ದಿನವೇನು?" ಎಂದು ಕೇಳಿದನೆನ್ನೋಣ. ಏನು ಉತ್ತರ ಕೊಡಬೇಕು? ಹೌದೆಂದರೆ ಅರ್ಧ ಸತ್ಯ. ಅಲ್ಲವೆಂದರೂ ಅರ್ಧ ಸತ್ಯ. ಆ ಪ್ರಶ್ನೆಯ ಪೂರ್ಣ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ. ಏಕೆಂದರೆ ನಾವು ಆಚರಿಸುವ ಹಬ್ಬದ ಕಥೆಯಲ್ಲಿ ನಮ್ಮ ಊರಿನ ಕಥೆ ಎಲ್ಲಿದೆಯೆಂಬುದು ತಿಳಿಯದಿದ್ದರೆ, ಆ ಹಬ್ಬವು ಬೇರೆಯವರ ಮನೆಯ ಹಬ್ಬದಂತೆ ಬಂದು ಹೋಗುತ್ತದೆ.

ಮೊದಲು ದಿನಾಂಕದ ಕಥೆಯನ್ನೇ ನೋಡೋಣ. ಭಾರತದ ಮೊದಲ ಸ್ವಾತಂತ್ರ್ಯ ದಿನವು ಅಗಸ್ಟ ೧೫ ಆಗಿರಲಿಲ್ಲ; ಅದು ಜನೇವರಿ ೨೬ ಆಗಿತ್ತು. ೧೯೨೯ರ ಡಿಸೆಂಬರದಲ್ಲಿ ಜವಾಹರಲಾಲ ನೆಹರೂ ಅವರ ಅಧ್ಯಕ್ಷತೆಯಲ್ಲಿ ಲಾಹೋರದಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನವು ಪೂರ್ಣ ಸ್ವರಾಜ್ಯವೇ ತನ್ನ ಗುರಿಯೆಂದು ಸಾರಿತು. ವರ್ಷದ ಕೊನೆಯ ನಡುರಾತ್ರಿಯಲ್ಲಿ ರಾವಿ ನದಿಯ ದಂಡೆಯ ಮೇಲೆ ತ್ರಿವರ್ಣ ಧ್ವಜವೇರಿತು. ಮುಂದೆ ೧೯೩೦ರ ಜನೇವರಿ ೨೬, ರವಿವಾರದಂದು, ದೇಶದ ಊರೂರುಗಳಲ್ಲಿ ಜನರು ಕೂಡಿ ಸ್ವಾತಂತ್ರ್ಯದ ಪ್ರತಿಜ್ಞೆಯನ್ನು ಓದಿದರು. ಸ್ವಾತಂತ್ರ್ಯವಿನ್ನೂ ಬಂದಿರಲಿಲ್ಲ; ಆದರೂ ಅದರ ಹಬ್ಬವನ್ನು ಆಚರಿಸಿದರು. ಬೆಳೆ ಬರುವ ಮೊದಲೇ ರೈತನು ಕೂರಿಗೆಯನ್ನು ಪೂಜಿಸುವಂತೆ ಇತ್ತು ಅದು. ೧೯೪೭ರ ವರೆಗೂ ಪ್ರತಿ ವರ್ಷ ಜನೇವರಿ ೨೬ನ್ನೇ ಸ್ವಾತಂತ್ರ್ಯ ದಿನವೆಂದು, ಲಾಠಿ ಸೆರೆಮನೆಗಳ ನಡುವೆಯೂ, ಜನರು ಪಾಲಿಸಿದರು.

ಅಗಸ್ಟ ೧೫ನ್ನು ಆರಿಸಿದವರು ನಾವಲ್ಲ. ೧೯೪೮ರ ಜೂನ ತಿಂಗಳೊಳಗೆ ಅಧಿಕಾರವನ್ನು ಬಿಟ್ಟುಕೊಡುವೆವೆಂದು ಬ್ರಿಟಿಶ ಪ್ರಧಾನಿ ಅಟ್ಲೀ ಅವರು ೧೯೪೭ರ ಫೆಬ್ರುವರಿಯಲ್ಲಿ ಹೇಳಿದ್ದರು. ವೈಸರಾಯ ಮೌಂಟಬ್ಯಾಟನ್ನರು ಅದನ್ನು ಹಿಂದಕ್ಕೆಳೆದು ಅಗಸ್ಟ ೧೫ಕ್ಕೆ ನಿಲ್ಲಿಸಿದರು. ೧೯೪೫ರಲ್ಲಿ ಅದೇ ದಿನ ಜಪಾನು ಶರಣಾಗತವಾಗಿತ್ತು. ಆ ಯುದ್ಧದಲ್ಲಿ ಸೇನಾನಿಯಾಗಿದ್ದ ಅವರಿಗೆ ಅದು ಮೆಚ್ಚಿನ ದಿನವಾಗಿತ್ತು. ಆದರೆ ಕಾಲವು ಈ ದಿನಾಂಕಗಳಿಗೆ ನಮ್ಮ ನಾಡಿನ ಅರ್ಥವನ್ನೂ ತುಂಬಿದೆ. ಸಂಗೊಳ್ಳಿ ರಾಯಣ್ಣನ ಜಯಂತಿಯನ್ನು ಕನ್ನಡ ನಾಡು ಅಗಸ್ಟ ೧೫ರಂದೇ ಆಚರಿಸುತ್ತದೆ. ಆತನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು ೧೮೩೧ರ ಜನೇವರಿ ೨೬ರಂದು. ಶ್ರೀ ಅರವಿಂದರು ಹುಟ್ಟಿದ್ದು ೧೮೭೨ರ ಅಗಸ್ಟ ೧೫ರಂದು. ಅವರನ್ನು ಗುರುವೆಂದು ನಂಬಿದ, ಗಡಿಯಾಚೆಯ ಹಲಸಂಗಿಯ ಕವಿ ಮಧುರಚೆನ್ನರು ದೇಹವಿಟ್ಟದ್ದೂ ೧೯೫೩ರ ಅದೇ ದಿನ. ಇವೆಲ್ಲ ಕಾಕತಾಳೀಯವಿರಬಹುದು, ಆದರೆ ಜನರು ತಮಗೆ ದೊರೆತ ದಿನವನ್ನು ತಮ್ಮದಾಗಿ ಮಾಡಿಕೊಳ್ಳುವುದು ಹೀಗೆಯೇ.

ಆ ನಡುರಾತ್ರಿಯ ಬಗೆಗೂ ಒಂದೆರಡು ಮಾತು ಹೇಳಬೇಕು. ೧೯೪೭ರ ಅಗಸ್ಟ ೧೪ರ ರಾತ್ರಿ ಸಂವಿಧಾನ ಸಭೆಯು ದಿಲ್ಲಿಯಲ್ಲಿ ಕೂಡಿ, ಹನ್ನೆರಡರ ಗಂಟೆ ಬಾರಿಸಿದಾಗ ದೇಶಸೇವೆಯ ಪ್ರತಿಜ್ಞೆಯನ್ನು ಕೈಕೊಂಡಿತು. ನೆಹರೂ ಅವರು ಕೆಂಪುಕೋಟೆಯ ಮೇಲೆ ಧ್ವಜವೇರಿಸಿದ್ದು ಹದಿನೈದರಂದೆಂದು ಅನೇಕರು ತಿಳಿದಿದ್ದಾರೆ. ಆ ವರ್ಷ ಅದು ನಡೆದದ್ದು ಅಗಸ್ಟ ೧೬ರಂದು. ಮತ್ತೆ ಈ ಎಲ್ಲ ಸಂಭ್ರಮಕ್ಕೆ ಕಾರಣರಾದ ಗಾಂಧೀಜಿಯವರು ದಿಲ್ಲಿಯಲ್ಲಿ ಇರಲೇ ಇಲ್ಲ. ಕಲಕತ್ತೆಯ ಬೇಲಿಯಾಘಾಟದ ಒಂದು ಹಳೆಯ ಮನೆಯಲ್ಲಿ, ಹಿಂದು ಮುಸಲ್ಮಾನರ ನಡುವಣ ಬೆಂಕಿಯನ್ನಾರಿಸುತ್ತ, ಆ ದಿನವನ್ನು ಅವರು ಉಪವಾಸ ಪ್ರಾರ್ಥನೆಗಳಲ್ಲಿ ಕಳೆದರು. ಹಬ್ಬದ ಯಜಮಾನನು ಹಬ್ಬದೂಟಕ್ಕೆ ಕೂಡ್ರದೆ ಕೆಲಸದಲ್ಲಿಯೇ ಇದ್ದನು.

ಇನ್ನು ನಮ್ಮ ಸೀಮೆಯ ಮಾತಿಗೆ ಬರೋಣ. ಆ ಕಾಲದಲ್ಲಿ ಭಾರತವು ಒಂದಾಗಿರಲಿಲ್ಲ, ಎರಡಾಗಿತ್ತು. ಬ್ರಿಟಿಶರು ನೇರವಾಗಿ ಆಳುತ್ತಿದ್ದ ಪ್ರದೇಶ ಒಂದು. ಅದನ್ನು ನಮ್ಮ ಹಿರಿಯರು ಖಾಲಸಾ ಎಂದು ಕರೆಯುತ್ತಿದ್ದರು. ರಾಜರು, ನವಾಬರು, ಜಹಗೀರದಾರರು ಬ್ರಿಟಿಶರ ಸಾರ್ವಭೌಮತ್ವಕ್ಕೊಳಪಟ್ಟು ಆಳುತ್ತಿದ್ದ ಐನೂರಕ್ಕೂ ಮಿಕ್ಕ ಸಂಸ್ಥಾನಗಳು ಮತ್ತೊಂದು. ವಿಜಾಪುರವು ಖಾಲಸಾ, ಅದರ ಪಡುವಣಕ್ಕೆ ಹೊರಟರೆ ಜತ್ತವು ಸಂಸ್ಥಾನ. ಒಂದೇ ಎರೆಹೊಲ, ಒಂದೇ ಕನ್ನಡ ಮಾತು, ಒಂದೇ ಜಾತ್ರೆಗಳು. ಆದರೆ ಸರಕಾರಗಳು ಎರಡು.

ಜತ್ತದ ಅರಸು ಮನೆತನವು ಡಫಳೆಯವರದು. ಡಫಳಾಪುರದ ಪಾಟೀಲರಾಗಿದ್ದ ಈ ಮನೆತನದವರು ಹದಿನೇಳನೆಯ ಶತಕದಲ್ಲಿ ವಿಜಾಪುರದ ಆದಿಲಶಾಹಿಯ ಸೇವೆಯಲ್ಲಿದ್ದು ಜಹಗೀರನ್ನು ಪಡೆದರು. ಆ ಕಾಲದ ಯುದ್ಧಗಳಿಗೆ ಈ ಸೀಮೆಯೇ ರಂಗಭೂಮಿಯಾಗಿತ್ತು; ೧೬೭೩ರಲ್ಲಿ ಮರಾಠರ ಸೇನಾಪತಿ ಪ್ರತಾಪರಾವ ಗುಜರನು ವಿಜಾಪುರದ ಬಹಲೋಲಖಾನನನ್ನು ತಡೆದ ಉಮರಾಣಿಯು ಈ ತಾಲೂಕಿನಲ್ಲಿಯೇ ಇದೆ. ೧೬೮೬ರಲ್ಲಿ ಆದಿಲಶಾಹಿ ಅಳಿಯಿತು, ಮೊಗಲರು ಬಂದರು, ಮರಾಠರು ಬಂದರು, ಡಫಳೆಯವರು ಉಳಿದರು. ಪೇಶವಾಯಿ ಮುಳುಗಿದ ಮೇಲೆ ೧೮೨೦ರಲ್ಲಿ ಬ್ರಿಟಿಶರೊಡನೆ ಕರಾರಾಗಿ, ಜತ್ತವು ಸಾತಾರೆಯ ಛತ್ರಪತಿಗಳ ಕೈಕೆಳಗಿನ ಜಹಗೀರಾಯಿತು. ದತ್ತಕವನ್ನು ಒಪ್ಪದೆ ಸಾತಾರಾ ರಾಜ್ಯವನ್ನೇ ಬ್ರಿಟಿಶರು ನುಂಗಿದ ಮೇಲೆ, ಅಂದರೆ ೧೮೪೮ರ ತರುವಾಯ, ಜತ್ತವು ಬ್ರಿಟಿಶರಿಗೇ ನೇರವಾಗಿ ಅಧೀನವಾಯಿತು. ಹೀಗೆ ಇಲ್ಲಿಯ ಒಕ್ಕಲಿಗನ ತಲೆಯ ಮೇಲೆ ಎರಡು ಛತ್ರಗಳಿದ್ದವು: ಹತ್ತಿರದ್ದು ದರಬಾರದ್ದು, ದೂರದ್ದು ಇಂಗ್ಲಂಡದ್ದು.

ಇದರ ಪರಿಣಾಮವು ಸಣ್ಣದಲ್ಲ. ಖಾಲಸಾ ಪ್ರದೇಶದಲ್ಲಿ ೧೯೩೭ರ ಚುನಾವಣೆಗಳಾಗಿ ಮುಂಬಯಿ ಇಲಾಖೆಗೆ ಕಾಂಗ್ರೆಸ್ ಮಂತ್ರಿಮಂಡಲವು ಬಂದಾಗ, ಸಂಸ್ಥಾನದ ಜನರಿಗೆ ಅದರಲ್ಲಿ ಮತವೂ ಇರಲಿಲ್ಲ, ಮಾತೂ ಇರಲಿಲ್ಲ. ಸಂಸ್ಥಾನಗಳ ಜನರು ಈ ಕೊರತೆಯನ್ನು ಹೇಳಿಕೊಳ್ಳುವುದಕ್ಕಾಗಿಯೇ ೧೯೨೭ರಲ್ಲಿ ಅಖಿಲ ಭಾರತ ಸಂಸ್ಥಾನ ಪ್ರಜಾ ಪರಿಷತ್ತನ್ನು ಕಟ್ಟಿದರು. ೧೯೩೮ರ ಹರಿಪುರಾ ಅಧಿವೇಶನದಲ್ಲಿ, ಪೂರ್ಣ ಸ್ವರಾಜ್ಯವೆಂದರೆ ಸಂಸ್ಥಾನಗಳನ್ನೊಳಗೊಂಡ ಇಡಿಯ ಭಾರತದ ಸ್ವರಾಜ್ಯವೇ ಎಂದು ಕಾಂಗ್ರೆಸ್ಸೂ ಸಾರಿತು.

ಇಂದು ಮಕ್ಕಳು ಕೈಯಲ್ಲಿ ಹಿಡಿದು ನಲಿಯುವ ಧ್ವಜವು ಅಂದು ಎಷ್ಟು ತುಟ್ಟಿಯ ವಸ್ತುವಾಗಿತ್ತೆಂಬುದನ್ನು ಎರಡು ಪ್ರಸಂಗಗಳಿಂದ ತಿಳಿಯಬಹುದು. ಒಂದು ಖಾಲಸಾ ಪ್ರದೇಶದ್ದು. ನಮ್ಮ ನೆರೆಯ ಸೊಲ್ಲಾಪುರದಲ್ಲಿ ೧೯೩೦ರ ಮೇ ತಿಂಗಳಲ್ಲಿ, ಗಾಂಧೀಜಿಯವರ ಬಂಧನದ ಸುದ್ದಿ ಕೇಳಿ ಜನರು ಎದ್ದರು. ಸರಕಾರವು ಲಷ್ಕರಿ ಕಾಯದೆಯನ್ನು ಜಾರಿಗೊಳಿಸಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ ಎಂಬ ನಾಲ್ವರನ್ನು ೧೯೩೧ರ ಜನೇವರಿ ೧೨ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಹೆಸರುಗಳನ್ನು ಓದಿದರೇ ಸಾಕು, ಸ್ವಾತಂತ್ರ್ಯವು ಒಂದು ಮತದವರ, ಒಂದು ಭಾಷೆಯವರ ಸೊತ್ತಲ್ಲವೆಂಬುದು ತಿಳಿಯುತ್ತದೆ. ಮತ್ತೊಂದು ಸಂಸ್ಥಾನದ್ದು. ಮೈಸೂರಿನಲ್ಲಿ ಅರಸರು ಪ್ರಜಾವತ್ಸಲರೆಂದು ಹೆಸರಾಗಿದ್ದರು. ಅಲ್ಲಿಯೂ ೧೯೩೮ರ ಏಪ್ರಿಲದಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಧ್ವಜವೇರಿಸಲು ಪ್ರತಿಬಂಧವಾಯಿತು. ಅದನ್ನು ಮುರಿದ ಮುಂದಾಳುಗಳ ಬಂಧನವಾಯಿತು. ಅದೇ ತಿಂಗಳ ೨೫ರಂದು ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಕೂಡಿದ ಜನರ ಮೇಲೆ ಗುಂಡು ಹಾರಿ ಹಲವರು ಮಡಿದರು. ಅರಸನು ಒಳ್ಳೆಯವನಿದ್ದರೂ ಅರಸೊತ್ತಿಗೆಯು ಧ್ವಜಕ್ಕೆ ಅಂಜುತ್ತಿತ್ತು. ಏಕೆಂದರೆ ಆ ಧ್ವಜವು ಅರಸನದಾಗಿರಲಿಲ್ಲ, ಜನರದಾಗಿತ್ತು.

ಎಲ್ಲ ಸಂಸ್ಥಾನಿಕರೂ ಒಂದೇ ಬಗೆಯವರಾಗಿರಲಿಲ್ಲವೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಮಗ್ಗುಲಲ್ಲಿಯೇ ಔಂಧ ಸಂಸ್ಥಾನದ ತುಣುಕುಗಳಿದ್ದವು: ಈಚೆಗೆ ಆಟಪಾಡಿ, ಆಚೆಗೆ ವಿಜಾಪುರ ಸೀಮೆಯ ಗುಣದಾಳ. ಅಲ್ಲಿಯ ಅರಸರಾದ ಭವಾನರಾವ ಪಂತಪ್ರತಿನಿಧಿಯವರು ಗಾಂಧೀಜಿಯವರ ಸಲಹೆಯಂತೆ ೧೯೩೯ರಲ್ಲಿ ಒಂದು ಸಂವಿಧಾನವನ್ನು ಕೊಟ್ಟು, ತಮ್ಮ ಅಧಿಕಾರವನ್ನು ಜನರಿಗೆ ಒಪ್ಪಿಸಿದರು. ಗ್ರಾಮ ಪಂಚಾಯತಿಯೇ ಆ ರಚನೆಯ ತಳಹದಿಯಾಗಿತ್ತು. ಆಟಪಾಡಿಯ ಹತ್ತಿರ ಕೈದಿಗಳಿಗಾಗಿ ಗೋಡೆಯಿಲ್ಲದ ಸೆರೆಮನೆಯೊಂದನ್ನು ಕಟ್ಟಿ ಅದಕ್ಕೆ ಸ್ವತಂತ್ರಪುರವೆಂದು ಹೆಸರಿಟ್ಟರು. ಶಾಂತಾರಾಮರು ೧೯೫೭ರಲ್ಲಿ ತೆಗೆದ 'ದೋ ಆಂಖೇಂ ಬಾರಹ ಹಾಥ್' ಎಂಬ ಪ್ರಸಿದ್ಧ ಚಿತ್ರಕ್ಕೆ ಅದೇ ಸ್ಫೂರ್ತಿ. ಇನ್ನು ೧೯೪೩ರಿಂದ ೧೯೪೬ರ ವರೆಗೆ ಕ್ರಾಂತಿಸಿಂಹ ನಾನಾ ಪಾಟೀಲರು ಸಾತಾರಾ ಜಿಲ್ಲೆಯಲ್ಲಿ ಪ್ರತಿಸರಕಾರವನ್ನು ನಡೆಸಿದರು. ಅದರ ಬೀಡುಗಳಾದ ವಾಳವೆ ಕುಂಡಲಗಳು ಇಂದು ನಮ್ಮ ಸಾಂಗಲಿ ಜಿಲ್ಲೆಯಲ್ಲಿಯೇ ಇವೆ. ಔಂಧದ ಹಳ್ಳಿಯಾಗಿದ್ದ ಕುಂಡಲವು ಭೂಗತ ಕಾರ್ಯಕರ್ತರಿಗೆ ಆಸರೆಯಾಗಿತ್ತು.

ಹೀಗಿರುವಾಗ ೧೯೪೭ರ ಅಗಸ್ಟ ೧೫ ಬಂದಿತು. ಅಂದು ಜತ್ತದಲ್ಲಿ ಬದಲಾದದ್ದೇನು? ದೂರದ ಛತ್ರವು ಕೆಳಗಿಳಿಯಿತು. ಬ್ರಿಟಿಶರ ಸಾರ್ವಭೌಮತ್ವವು ಅಳಿಯಿತು. ದಕ್ಷಿಣದ ಸಂಸ್ಥಾನಿಕರು ಅದಕ್ಕೆ ಮೊದಲೇ ಸೇರ್ಪಡೆಯ ಕರಾರಿಗೆ ರುಜು ಹಾಕಿ, ಸಂರಕ್ಷಣೆ, ಪರರಾಷ್ಟ್ರ ವ್ಯವಹಾರ, ಸಾರಿಗೆ ಸಂಪರ್ಕ ಈ ಮೂರು ವಿಷಯಗಳನ್ನು ಭಾರತ ಸರಕಾರಕ್ಕೆ ಒಪ್ಪಿಸಿದ್ದರು. ಆದ್ದರಿಂದ ಜತ್ತವು ಅಂದೇ ಸ್ವತಂತ್ರ ಭಾರತದ ಅಂಗವಾಯಿತೆಂಬುದು ನಿಜ. ಆದರೆ ಹತ್ತಿರದ ಛತ್ರವು ಇದ್ದಲ್ಲಿಯೇ ಇದ್ದಿತು. ಕಂದಾಯ, ಕಚೇರಿ, ನ್ಯಾಯ, ಪೋಲೀಸು ಇವೆಲ್ಲ ಅಗಸ್ಟ ೧೬ರ ಬೆಳಿಗ್ಗೆಯೂ ದರಬಾರದವೇ ಆಗಿದ್ದವು.

ಸರದಾರ ವಲ್ಲಭಭಾಯಿ ಪಟೇಲರೂ ಅವರ ಕಾರ್ಯದರ್ಶಿ ವಿ. ಪಿ. ಮೆನನ್ನರೂ ಈ ಸಣ್ಣ ಸಂಸ್ಥಾನಗಳು ಬೇರೆ ಬೇರೆಯಾಗಿ ನಿಲ್ಲಲಾರವೆಂಬುದನ್ನು ಸಂಸ್ಥಾನಿಕರಿಗೆ ಮನಗಾಣಿಸಿದರು. ಆಸ್ಪತ್ರೆ, ರಸ್ತೆ, ಪ್ರೌಢಶಾಲೆ, ನೀರಾವರಿ ಇವುಗಳನ್ನು ನಡೆಸುವಷ್ಟು ಹುಟ್ಟುವಳಿ ಅವುಗಳಲ್ಲಿ ಬಹಳಷ್ಟಕ್ಕೆ ಇರಲಿಲ್ಲ. ವರ್ಷಾಶನವನ್ನು ಪಡೆದು ಸಂಸ್ಥಾನಿಕರು ಅಧಿಕಾರವನ್ನು ಬಿಟ್ಟುಕೊಟ್ಟರು. ೧೯೪೮ರ ಮಾರ್ಚ ೮ರಂದು ಸಾಂಗಲಿ, ಮಿರಜ, ಔಂಧ, ಮುಧೋಳ, ರಾಮದುರ್ಗ ಮೊದಲಾದವುಗಳೊಡನೆ ಜತ್ತವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅಗಸ್ಟ ೧೫ರಿಂದ ಎಣಿಸಿದರೆ ೨೦೬ ದಿನಗಳು. ಮರುವರ್ಷ ೧೯೪೯ರಲ್ಲಿ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆಯಾಗಿ ಜತ್ತವು ಅದರ ತಾಲೂಕಾಯಿತು. ಮುಂದೆ ಆ ಜಿಲ್ಲೆಗೆ ಸಾಂಗಲಿಯೆಂದು ಹೆಸರಾಯಿತು. ಗುಂಡು ಹಾರಲಿಲ್ಲ, ನಡುರಾತ್ರಿಯ ಭಾಷಣವಾಗಲಿಲ್ಲ; ಕಾಗದಗಳ ಮೇಲಿನ ಮುದ್ರೆ ಬದಲಾಯಿತು, ಅಷ್ಟೇ. ಆದರೆ ಎರಡೂವರೆ ಶತಕಗಳಿಗೂ ಮಿಕ್ಕ ಆಳ್ವಿಕೆಯೊಂದು ಆ ದಿನ ಮುಗಿಯಿತು. ಮಾರ್ಚ ೮ರಂದು ನಾವು ಯಾವ ಧ್ವಜವನ್ನೂ ಏರಿಸುವುದಿಲ್ಲ. ಆದರೂ ಅದನ್ನು ಮರೆಯುವುದು ತರವಲ್ಲ.

ನಮ್ಮ ಸುತ್ತಲಿನ ಕನ್ನಡ ಸೀಮೆಗಳಿಗೂ ಹೀಗೆಯೇ ಬೇರೆ ಬೇರೆ ತಿಥಿಗಳಿವೆ. ಮೈಸೂರಿನಲ್ಲಿ ಸ್ವಾತಂತ್ರ್ಯ ಬಂದ ಮೇಲೆಯೂ ಜವಾಬ್ದಾರಿ ಸರಕಾರಕ್ಕಾಗಿ ಸಪ್ಟೆಂಬರದಲ್ಲಿ 'ಮೈಸೂರು ಚಲೋ' ಚಳವಳಿಯನ್ನು ಹೂಡಬೇಕಾಯಿತು. ಅಕ್ಟೋಬರದ ಕೊನೆಗೆ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಕಲಬುರ್ಗಿ, ಬೀದರ, ರಾಯಚೂರುಗಳು ನಿಜಾಮನ ಕೈಯಲ್ಲಿದ್ದವು. ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿ ಹೈದರಾಬಾದಿನ ಜನರ ಮುಂದಾಳಾದ ಸ್ವಾಮಿ ರಾಮಾನಂದ ತೀರ್ಥರು ೧೯೪೭ರ ಅಗಸ್ಟ ೧೫ರಂದೇ ಸೆರೆಯಾದರು. ಇಡೀ ದೇಶಕ್ಕೆ ಬಿಡುಗಡೆಯಾದ ದಿನವೇ ಅವರಿಗೆ ಬಂಧನ! ಆ ಸೀಮೆಗೆ ಬಿಡುಗಡೆಯಾದದ್ದು ೧೯೪೮ರ ಸಪ್ಟೆಂಬರ ೧೭ರಂದು, ೩೯೯ ದಿನಗಳ ತರುವಾಯ. ಕೊಲ್ಲಾಪುರವು ಮುಂಬಯಿಯಲ್ಲಿ ವಿಲೀನವಾದದ್ದು ೧೯೪೯ರ ಮಾರ್ಚ ೧ರಂದು. ಗೋವೆಯಿಂದ ಪೋರ್ತುಗೀಜರು ಹೊರಬಿದ್ದದ್ದು ೧೯೬೧ರ ಡಿಸೆಂಬರ ೧೯ರಂದು. ಸೂರ್ಯನು ಒಬ್ಬನೇ ಆದರೂ ಗುಡ್ಡದ ಮೇಲೆ ಮೊದಲು, ಕಣಿವೆಯಲ್ಲಿ ಆಮೇಲೆ ಬೆಳಕಾಗುತ್ತದೆ. ಸ್ವಾತಂತ್ರ್ಯದ ಬೆಳಕೂ ಹಾಗೆಯೇ ಹರಡಿತು.

ಇಲ್ಲಿಗೂ ಕಥೆ ಮುಗಿಯಲಿಲ್ಲ. 'ಪ್ರಜೆ' ಎಂಬ ನಮ್ಮ ಮಾತನ್ನು ವಿಚಾರಿಸಿ ನೋಡಿರಿ. ಅದಕ್ಕೆ ಮೂಲದಲ್ಲಿ ಸಂತಾನವೆಂದು ಅರ್ಥ. ಅರಸನು ತಂದೆ, ನಾಡವರು ಅವನ ಮಕ್ಕಳು ಎಂಬ ಭಾವನೆಯಿಂದ ಆ ಮಾತು ಆಳಿಸಿಕೊಳ್ಳುವವರಿಗೆ ಹತ್ತಿತು. ತಂದೆಯು ಒಳ್ಳೆಯವನಿದ್ದರೆ ಮಕ್ಕಳ ಪುಣ್ಯ. ಇಲ್ಲದಿದ್ದರೆ ಅವರ ಕರ್ಮ. ೧೯೫೦ರ ಜನೇವರಿ ೨೬ರಂದು ಭಾರತದ ಸಂವಿಧಾನವು ಜಾರಿಗೆ ಬಂದಾಗ ಈ ಮಾತಿನ ಅರ್ಥವೇ ತಿರುಗಿತು. ಪ್ರತಿಜ್ಞೆಯ ದಿನವಾಗಿದ್ದ ಜನೇವರಿ ೨೬ನ್ನು ಹಿರಿಯರು ಬೇಕೆಂದೇ ಆರಿಸಿ ಅದನ್ನು ಗಣರಾಜ್ಯದ ದಿನವನ್ನಾಗಿ ಮಾಡಿದರು. ೧೯೫೧ರ ಕೊನೆಯಿಂದ ೧೯೫೨ರ ಮೊದಲ ತಿಂಗಳುಗಳ ವರೆಗೆ ನಡೆದ ಮೊದಲ ಮಹಾಚುನಾವಣೆಯಲ್ಲಿ ಮತದಾರರ ಯಾದಿಯಲ್ಲಿ ಸುಮಾರು ೧೭ ಕೋಟಿ ಜನರ ಹೆಸರುಗಳಿದ್ದವು. ಓದು ಬಂದವರು, ಬಾರದವರು, ಗಂಡಸರು, ಹೆಂಗಸರು, ಹೊಲವುಳ್ಳವರು, ಕೂಲಿಯವರು ಎಲ್ಲರಿಗೂ ಒಂದೊಂದೇ ಮತ. ದರಬಾರದ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವನ ಕೈಗೆ ಮತಪತ್ರವು ಬಂದಿತು. ಅಂದು ಪ್ರಜೆಯು ಪ್ರಭುವಾದನು.

ಈಗ ನಮ್ಮ ಜಾಣ ವಿದ್ಯಾರ್ಥಿಗೆ ಉತ್ತರ ಕೊಡಬಹುದು: "ಮಗೂ, ನಮ್ಮ ಸೀಮೆಯು ನಾಲ್ಕು ಮೆಟ್ಟಿಲುಗಳನ್ನೇರಿ ಸ್ವಾತಂತ್ರ್ಯಕ್ಕೆ ಬಂದಿದೆ. ೧೯೪೭ರಲ್ಲಿ ಪರಕೀಯರು ಹೋದರು. ೧೯೪೮ರಲ್ಲಿ ಸಂಸ್ಥಾನ ಹೋಯಿತು. ೧೯೫೦ರಲ್ಲಿ ಸಂವಿಧಾನ ಬಂದಿತು. ೧೯೫೨ರ ಹೊತ್ತಿಗೆ ಮತ ಬಂದಿತು. ಧ್ವಜವೇರಿಸುವುದು ಮೊದಲ ಮೆಟ್ಟಿಲಿನ ದಿನ. ನಾಲ್ಕನ್ನೂ ನೆನೆದರೆ ಮಾತ್ರ ವಂದನೆ ಪೂರ್ಣವಾಗುತ್ತದೆ."

ಆಚರಣೆಯ ಬಗೆಗೂ ಎರಡು ಮಾತು. ಅಗಸ್ಟ ೧೫ರಂದು ಧ್ವಜವನ್ನು ಕೆಳಗಿನಿಂದ ಮೇಲಕ್ಕೇರಿಸುತ್ತಾರೆ. ಜನೇವರಿ ೨೬ರಂದು ಮೇಲೆಯೇ ಕಟ್ಟಿದ ಧ್ವಜವನ್ನು ಬಿಚ್ಚಿ ಹಾರಿಸುತ್ತಾರೆ. ಹೊಸ ರಾಷ್ಟ್ರವು ಮೇಲೆದ್ದುದನ್ನು ಮೊದಲನೆಯದು, ಎದ್ದು ನಿಂತ ರಾಷ್ಟ್ರವು ಅರಳಿದ್ದನ್ನು ಎರಡನೆಯದು ಸೂಚಿಸುತ್ತದೆ. ಧ್ವಜವಂದನೆಯ ಶಿಸ್ತನ್ನು ದೇಶಕ್ಕೆ ಕಲಿಸಿದವರಲ್ಲಿ ನಮ್ಮವರೇ ಮೊದಲಿಗರು. ಡಾ. ನಾ. ಸು. ಹರ್ಡೀಕರರು ೧೯೨೩ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳದ ಕೇಂದ್ರವು ಹುಬ್ಬಳ್ಳಿಯಾಗಿತ್ತು. ತಿಂಗಳ ಕೊನೆಯ ರವಿವಾರ ಧ್ವಜವಂದನೆ ಮಾಡುವ ರೂಢಿಯನ್ನು ಅವರು ಹಾಕಿದರು. ೧೯೫೭ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇಂದಿಗೂ ರಾಷ್ಟ್ರಧ್ವಜಗಳನ್ನು ಹೊಲಿಯುತ್ತದೆ; ಬಾಗಲಕೋಟೆ ಸೀಮೆಯ ತುಳಸಿಗೇರಿಯಲ್ಲಿ ಅದರ ಬಟ್ಟೆಯನ್ನು ನೇಯುತ್ತಾರೆ. ಅಳತೆ, ಬಣ್ಣ, ಇಪ್ಪತ್ನಾಲ್ಕು ಅರಗಳ ಚಕ್ರ ಎಲ್ಲಕ್ಕೂ ಕಟ್ಟುನಿಟ್ಟಾದ ನಿಯಮವುಂಟು. ೨೦೨೧ರ ಕೊನೆಗೆ ಆದ ತಿದ್ದುಪಡಿಯಿಂದ ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ದೊರೆತಿದೆ. ಕಾನೂನು ಒಪ್ಪಿದೆ, ಸರಿ; ಆದರೆ ನೂಲುವ ನೇಯುವ ಕೈಗಳಿಂದಲೇ ಈ ಧ್ವಜವು ಹುಟ್ಟಿತೆಂಬುದನ್ನು ಶಾಲೆಗಳು ಮರೆಯಬಾರದು.

ಕೊನೆಯದಾಗಿ, ಈ ಹಬ್ಬವನ್ನು ಕನ್ನಡ ಶಾಲೆಯ ಅಂಗಳದಲ್ಲಿ ಆಚರಿಸುತ್ತೇವಲ್ಲ, ಅದರ ಅರ್ಥವನ್ನೂ ಯೋಚಿಸಬೇಕು. ೧೯೫೬ರಲ್ಲಿ ಭಾಷೆಗಳನ್ನನುಸರಿಸಿ ರಾಜ್ಯಗಳ ಪುನರ್ರಚನೆಯಾದಾಗ ವಿಜಾಪುರವು ಮೈಸೂರು ರಾಜ್ಯಕ್ಕೆ ಹೋಯಿತು. ಜತ್ತವು ಮುಂಬಯಿಯಲ್ಲಿ ಉಳಿದು ೧೯೬೦ರ ಮೇ ೧ರಿಂದ ಮಹಾರಾಷ್ಟ್ರಕ್ಕೆ ಸೇರಿತು. ಗಡಿಯ ವಾದವನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಅದೇ ೧೯೫೬ರಲ್ಲಿ ಸಂವಿಧಾನಕ್ಕೆ ೩೫೦ಎ ಎಂಬ ವಿಧಿಯನ್ನು ಸೇರಿಸಿದರು. ಭಾಷೆಯಿಂದ ಅಲ್ಪಸಂಖ್ಯಾತರಾದವರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯುವಂತೆ ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಪುಣೆಯ ಪಠ್ಯಪುಸ್ತಕ ಮಂಡಳವಾದ ಬಾಲಭಾರತಿಯು ಕನ್ನಡದಲ್ಲಿಯೂ ಪುಸ್ತಕಗಳನ್ನು ಅಚ್ಚು ಹಾಕುವುದು ಯಾರ ದಾಕ್ಷಿಣ್ಯದಿಂದಲೂ ಅಲ್ಲ. ಸ್ವತಂತ್ರ ದೇಶವು ತನ್ನ ಎಲ್ಲ ಮಕ್ಕಳಿಗೆ ಕೊಟ್ಟ ಮಾತು ಅದು. ಗೆಳೆಯರ ಮರಾಠಿಯನ್ನು ಪ್ರೀತಿಯಿಂದ ಕಲಿತು, ಮನೆಯ ಕನ್ನಡದಲ್ಲಿ ಓದಿ ಬರೆಯುವ ಹುಡುಗನು ಆ ಮಾತನ್ನು ಜೀವಂತವಾಗಿಡುತ್ತಾನೆ. ಶಾಲೆಯು ಬರಿದಾದರೆ ಕೊಟ್ಟ ಮಾತು ಪುಸ್ತಕದಲ್ಲಿಯೇ ಉಳಿಯುತ್ತದೆ.

ಗುರುಗಳಲ್ಲಿ ಒಂದು ಬಿನ್ನಹ. ಮುಂದಿನ ಅಗಸ್ಟ ೧೫ಕ್ಕೆ ಮೊದಲು ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಕೊಡಿರಿ. ಅವರು ಮನೆಯ ಹಳೆಯ ಪೆಟ್ಟಿಗೆಯಲ್ಲಿ ಮುತ್ತಜ್ಜನ ಕಾಲದ ಹೊಲದ ಕಾಗದ, ಕಂದಾಯದ ಪಾವತಿ ಇವೆಯೇ ಎಂದು ಹಿರಿಯರನ್ನು ಕೇಳಲಿ. ೧೯೪೮ಕ್ಕಿಂತ ಮೊದಲಿನ ಕಾಗದದ ಮೇಲೆ ಯಾರ ಮುದ್ರೆಯಿದೆ, ಆಮೇಲಿನದರ ಮೇಲೆ ಯಾರದಿದೆ ಎಂಬುದನ್ನು ನೋಡಿ ಬರೆದುಕೊಂಡು ಬರಲಿ. ತಮ್ಮ ಊರು ಸಂಸ್ಥಾನದ್ದಾಗಿತ್ತೇ, ಖಾಲಸಾ ಆಗಿತ್ತೇ ಎಂಬುದನ್ನು ಆ ಕಾಗದವೇ ಹೇಳುತ್ತದೆ. ಧ್ವಜಕಟ್ಟೆಯ ಮುಂದೆ ಅಂಥ ನಾಲ್ಕು ಟಿಪ್ಪಣಿಗಳನ್ನು ಮಕ್ಕಳು ತಮ್ಮ ಬಾಯಿಂದಲೇ ಓದಿದರೆ, ಅದಕ್ಕಿಂತ ಹೆಚ್ಚಿನ ಭಾಷಣ ಬೇಡ. ಒಂದು ಮುದ್ರೆಯಿಂದ ಮತ್ತೊಂದು ಮುದ್ರೆಗೆ ಆದ ಆ ಬದಲಾವಣೆಯಲ್ಲಿಯೇ ಅವರ ಮನೆಯ ಸ್ವಾತಂತ್ರ್ಯದ ಇತಿಹಾಸವಿದೆ.